ಎತ್ತಿನ ಕೂಗು, ಸ್ಪೇನಿನ ಅಕ್ಷರ

ನಂಬುವುದಿಲ್ಲ ಎನ್ನುವವರು ಈಗಲೇ ಎದ್ದು ಹೋಗಬಹುದು: ಸ್ಪ್ಯಾನಿಷ್ ಭಾಷೆಯ ಇಪ್ಪತ್ತೇಳು ಅಕ್ಷರಗಳನ್ನು ನಾನು ಒಂದೇ ಮಧ್ಯಾಹ್ನ ಕಲಿತವನು. ಒಂದೊಂದರ ಪಕ್ಕದಲ್ಲೂ ಅದರ ಉಚ್ಚಾರವನ್ನು ಕನ್ನಡದಲ್ಲಿ ಬರೆದುಕೊಂಡೆ, ಮುಗಿಯಿತು. ನಾಲಿಗೆ ಉರುಳಿಸಿ ಹೇಳುವ ಅವರ 'ರ್ರ'ಕ್ಕಾಗಿ ಪೇಟೆಯ ಹುಡುಗರು ತಿಂಗಳುಗಟ್ಟಲೆ ಉಗುಳು ಹಾರಿಸುತ್ತಾರೆ. ಎತ್ತು ಹೊಡೆದು ಬೆಳೆದ ನನಗೆ ಅದು ಮೊದಲ ದಿನವೇ ಬಂತು.

ಆದರೂ ಗೈಡ್ ಕೆಲಸಕ್ಕಾಗಿ ನಮಗೆ ಸ್ಪ್ಯಾನಿಷ್ ಕಲಿಸುತ್ತಿದ್ದ ಗುರುಗಳು ನಲವತ್ತು ದಿನ ನನ್ನಿಂದ ಮೊದಲ ಅಕ್ಷರವನ್ನೇ ಹೇಳಿಸಿದರು. ಅವರು 'ಆ' ಎನ್ನುವರು. ನಾನು ಹೊಲದಾಚೆಗೂ ಕೇಳುವಂತೆ 'ಆ' ಎನ್ನುವೆ. ಅವರು ತಲೆಯಲ್ಲಾಡಿಸಿ ಮತ್ತೆ 'ಆ' ಎನ್ನುವರು. ನನ್ನ ದವಡೆ ಸೋತಿತು. ಅವರದಂತೂ ನಮ್ಮ ಗುಡ್ಡದ ಗುಹೆಗಳನ್ನು ಪರದೇಶದವರಿಗೆ ಮೂವತ್ತು ವರ್ಷ ತೋರಿಸಿ ಸವೆದ ಗಂಟಲು.

ಭಾನುವಾರ ಸ್ಪೇನಿನ ತಂಡವೊಂದು ಗುಹೆ ನೋಡಲು ಬರುವುದಿತ್ತು. ಅದಕ್ಕೆ ಗೈಡ್ ಯಾರೆಂದು ಗುರುಗಳು ಹೇಳಬೇಕಿತ್ತು. ನನ್ನ ಜೊತೆ ಕಲಿಯುತ್ತಿದ್ದವನು ನನಗಿಂತ ಮೊದಲೇ ಸೇರಿದ್ದ ದ್ಯಾಮಣ್ಣ ಒಬ್ಬನೇ, ಅವನೋ ಬಾಯಿ ಬಿಡುವುದೇ ಅಪರೂಪ. ಶುಕ್ರವಾರ ಕೇಳಿಯೇ ಬಿಟ್ಟೆ.

"ಸರ್, ಎಲ್ಲ ಬಂದವನಿಗೆ ಮತ್ತೆ ಮೊದಲ ಅಕ್ಷರ ಯಾಕೆ?"

ಗುರುಗಳು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. "ಹುಚ್ಚೀರಾ, ನೀನು ಎತ್ತು ಹೊಡೆದವನಲ್ಲವೇನೋ. ಎತ್ತಿನ ಕತೆಯನ್ನೇ ಕೇಳು," ಎಂದು ಹೇಳತೊಡಗಿದರು.

ಒಬ್ಬ ರೈತ ದೂರದ ಸೀಮೆಗೆ ಹೋಗಿ ಒಂದು ಜೊತೆ ಎತ್ತು ಕೊಂಡ. ಕೊಂಡವನು ಮಾರಿದವನ ಮನೆಯಲ್ಲಿ ಒಂದು ದಿನ ಇದ್ದು ಹೋಗುವುದು ಆ ಸೀಮೆಯ ಪದ್ಧತಿ. ಮೇವು ಹಾಕುವಾಗ, ನೀರಿಗೆ ಬಿಡುವಾಗ, ನೊಗ ಹೂಡುವಾಗ ಒಡೆಯ ಹೇಗೆ ಕೂಗುತ್ತಾನೆ ಎಂದು ಅವನು ಕೇಳಿಸಿಕೊಳ್ಳಬೇಕು. ರೈತ ಒಪ್ಪಲಿಲ್ಲ. "ಹನ್ನೆರಡು ಜೊತೆ ಎತ್ತು ಪಳಗಿಸಿದವನು ನಾನು. ಕೂಗು ಹೇಳು, ಬರೆದುಕೊಳ್ಳುತ್ತೇನೆ," ಎಂದ. ಚೀಟಿಯಲ್ಲಿ ಬರೆದುಕೊಂಡು ಹೊರಟ.

ಊರಲ್ಲಿ ಮಳೆಯಾಗಿ ಹೊಲ ಬಿತ್ತನೆಯ ಹದಕ್ಕೆ ಬಂದಿತ್ತು. ರೈತ ಎತ್ತು ಹೂಡಿದ. ಚೀಟಿ ನೋಡಿ ಕೂಗಿದ. ಎತ್ತು ಕಿವಿ ನಿಮಿರಿಸಿದವು, ಹೆಜ್ಜೆ ಇಡಲಿಲ್ಲ. ಇನ್ನೂ ಜೋರಾಗಿ ಕೂಗಿದ. ಬಾರುಕೋಲು ಬೀಸಿದ. ಎತ್ತು ಮಲಗಿಬಿಟ್ಟವು. ಹೀಗೇ ಮೂರು ದಿನ ಕಳೆಯಿತು. ಅವನ ಗಂಟಲು ಕಟ್ಟಿತು. ಮಣ್ಣು ಬಿಳಿಚಿಕೊಳ್ಳತೊಡಗಿತು. ನಾಲ್ಕನೆಯ ದಿನ ಎತ್ತು ಹಿಡಿದುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ.

ಮಾರಿದವನು, "ಕೂಗಿ ತೋರಿಸು," ಎಂದ. ರೈತ ಉಳಿದ ದನಿಯಲ್ಲೇ ಕೂಗಿದ.

"ಮಾತು ನನ್ನದೇ ಅಣ್ಣಾ. ಆದರೆ ನೀನು ಕರೆಯುತ್ತಿರುವುದು ನಿನ್ನ ಹಳೆಯ ಎತ್ತುಗಳನ್ನು. ಒಂದು ದಿನ ಇಲ್ಲಿರು. ಬಾಯಿ ತೆರೆಯಬೇಡ."

"ಹದ ಆರಿ ಹೋಗುತ್ತದೆ ಮಾರಾಯಾ!"

"ಮೂರು ದಿನ ಆರಿಸಿದವನು ನೀನೇ," ಎಂದು ಮಾರಿದವನು ಹಗ್ಗ ಇಸಿದುಕೊಂಡು ಎತ್ತುಗಳನ್ನು ಮೆಲ್ಲಗೆ ಕರೆದ. ಅವು ನಡೆದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನಾನು ಬಿಡುವವನೇ? "ನಾನಾಗಿದ್ದರೆ ಆ ಎತ್ತುಗಳನ್ನು ಮೊದಲ ದಿನವೇ ನಡೆಸುತ್ತಿದ್ದೆ ಸರ್," ಎಂದೆ. ದ್ಯಾಮಣ್ಣ ನೆಲ ನೋಡುತ್ತ ನಕ್ಕ.

ಗುರುಗಳು ಕಣ್ಣು ತೆರೆದರು.

"ನಲವತ್ತು ದಿನದಿಂದ ನಾನು ಒಂದೇ ಅಕ್ಷರ ಹೇಳುತ್ತಿದ್ದೇನೆ, ನಿನಗೆ ಇದುವರೆಗೆ ಕೇಳಿಸಿರುವುದು ನೀನು ಹೇಳಿದ್ದು ಮಾತ್ರ."



ಭಾನುವಾರದ ತಂಡವನ್ನು ಅವರು ದ್ಯಾಮಣ್ಣನಿಗೆ ಕೊಟ್ಟರು. ಅದರ ಹಿಂದೆ ಇಡೀ ದಿನ ಬಾಯಿ ಮುಚ್ಚಿಕೊಂಡು ನೀರಿನ ಕ್ಯಾನು ಹೊತ್ತು ನಡೆಯುವ ಕೆಲಸವನ್ನು ನನಗೆ ಕೊಟ್ಟರು.