ಬಾಯಿಬಿಡದ ಗುಡ್ಡ

ನಾಲಗೆಯಿದ್ದೂ ಮೂಕ, ಕುಡಗೋಲಿದ್ದೂ ಬರಿಗೈ, ಗಂಡನಿದ್ದೂ ಒಂಟಿ. ಈ ಮೂರೂ ಒಟ್ಟಿಗೆ ಕಂಡದ್ದೆಲ್ಲಿ? ತಲೆ ಕೆರೆದುಕೊಳ್ಳಬೇಡಿ, ನಮ್ಮೂರಿನವರ ಹೊರತು ಯಾರೂ ಬಿಡಿಸಲಾರರು. ಉತ್ತರ, ಭೀಮಾ ನದಿಯ ದಂಡೆಗಿರುವ ಬಾಯಿಬಿಡದ ಗುಡ್ಡ. ಈಗ ಅದರ ನೆತ್ತಿಯ ಮೇಲೆ ನಾಲ್ಕು ಜಾಲಿ ಗಿಡ, ಒಂದು ಮೊಬೈಲ್ ಟವರ್. ಬಾಯಿಬಿಡದ ಗುಡ್ಡಕ್ಕೆ ಮಾತಿನ ಟವರ್ ಎಂದು ನಗೆಯಾಡಿದರೆ ಹಿರಿಯರು ಕೆಕ್ಕರಿಸುತ್ತಾರೆ.

ಹಿಂದೆ ಒಮ್ಮೆ, ಗಾಡಿರಸ್ತೆ ಇಲ್ಲದ ಕಾಲಕ್ಕೆ, ಇಲ್ಲಿ ಹೇರಿನವರಿದ್ದರು ಎನ್ನುತ್ತಾರೆ. ತಟ್ಟುಗಳ ಮೇಲೆ ಉಪ್ಪು, ಜೋಳ ಹೇರಿಕೊಂಡು ಊರೂರು ತಿರುಗುವುದೇ ಅವರ ಬದುಕು. ಆ ತಟ್ಟುಗಳೋ ಎದೆಯೆತ್ತರದ ಕುದುರೆಗಳು, ನೋಡಿದರೆ ಕತ್ತೆಯ ತಮ್ಮನೆನಿಸಬೇಕು. ಆದರೆ ಒಣ ಕಣಿಕೆ ತಿಂದು, ಲಾಳವಿಲ್ಲದೆ ಕಲ್ಲುದಾರಿ ತುಳಿದು, ತುಂಬಿದ ಹೊಳೆಯನ್ನೂ ಈಜುತ್ತಿದ್ದವು. ಮೇಯಲು ಬಿಟ್ಟಾಗ ದೂರ ಹೋಗದಂತೆ ಅವುಗಳ ಮುಂಗಾಲೆರಡನ್ನೂ ಪುಂಡಿನಾರಿನ ಹಗ್ಗದಿಂದ ಬಿಗಿಯುತ್ತಿದ್ದರು. ಒಂದೊಂದು ಮನೆತನಕ್ಕೆ ಒಂದೊಂದು ಗಂಟು. ಕಳ್ಳರು ಬಿಚ್ಚಬಾರದೆಂದು ಅದರ ಗುಟ್ಟನ್ನು ಗಂಡುಮಕ್ಕಳಿಗಷ್ಟೇ ಹೇಳುತ್ತಿದ್ದರು. ಸೊಸೆ ಬೇರೆ ಮನೆಯಿಂದ ಬಂದವಳು, ಅವಳಿಗಿಲ್ಲ.

ಸಿದರಾಯನೆಂಬ ಹೇರಿನವ ಒಂದು ಮುಂಜಾನೆ ತನ್ನ ಆರು ತಟ್ಟುಗಳ ಕಾಲು ಕಟ್ಟಿ ಹೊಳೆಯ ನಡುಗಡ್ಡೆಯಲ್ಲಿ ಮೇಯಲು ಬಿಟ್ಟ. ಹೆಂಡತಿ ತಂಗೆವ್ವನನ್ನು ಕಾಯಲು ಕೂರಿಸಿ, ಕುಡಗೋಲು ಹಿಡಿದು ಕಟ್ಟಿಗೆಗೆಂದು ಗುಡ್ಡ ಹತ್ತಿದ. ಮೇಲೆಲ್ಲೋ ಬಿದ್ದ ಮಳೆಗೆ ಹೊಳೆ ಒಮ್ಮೆಲೇ ಏರಿತು. ತಂಗೆವ್ವನಿಗೆ ಈಜು ಬಾರದು, ಹಗ್ಗ ಕೊಯ್ಯಲು ಕುಡಗೋಲೂ ಕೈಯಲ್ಲಿಲ್ಲ. ಬದುಕಬೇಕಾದರೆ ಒಂದು ತಟ್ಟಿನ ಕಾಲಾದರೂ ಬಿಚ್ಚಿ ಅದರ ಕುತ್ತಿಗೆ ಹಿಡಿಯಬೇಕು.

"ಏ ಇವರ! ಗಂಟು ಹೆಂಗ ಬಿಚ್ಚೂದು? ಲಗೂನ ಹೇಳ್ರಿ!" ಎಂದು ಅವಳು ಒದರಿದ್ದು ಗುಡ್ಡಕ್ಕೆ ಸ್ಪಷ್ಟವಾಗಿ ಕೇಳಿತು. ಸಿದರಾಯ ಬಾಯಿ ತೆರೆದ, ಮತ್ತೆ ಮುಚ್ಚಿದ. ಪಕ್ಕದಲ್ಲಿ ಕಟ್ಟಿಗೆಗೆಂದೇ ಬಂದ ಬೇರೆ ಮನೆತನದ ಹೇರಿನವರು ನಿಂತಿದ್ದರು.

"ಒದರೋ ಭಾಡ್ಯಾ! ನಿನ್ನ ಗಂಟು ತೊಗೊಂಡು ನಾವೇನು ಉಪ್ಪಿನಕಾಯಿ ಹಾಕೂದೈತಿ?" ಎಂದ ಅವರಲ್ಲಿ ಹಿರಿಯನಾದ ಬೈಲಪ್ಪ.

"ಮೊದಲ ಎಲ್ಲಾರೂ ಕಿವಿ ಮುಚ್ಚಿಕೋರಿ," ಎಂದ ಸಿದರಾಯ.

ಮುಚ್ಚಿಕೊಂಡರು. ಅವನು ಒಬ್ಬೊಬ್ಬರ ಕೈಯನ್ನೂ ಒತ್ತಿ ನೋಡಿ ಖಾತ್ರಿ ಮಾಡಿಕೊಂಡು, ಆಮೇಲೆ ಕೂಗಿದ: "ಎಡಗಡೆ ಎಳೀನ ಒಳಗ ನೂಕು, ಜಗ್ಗಬ್ಯಾಡ!" ಅಷ್ಟರಲ್ಲಿ ನಾರು ನೀರು ಕುಡಿದು ಉಬ್ಬಿ ಕಲ್ಲಾಗಿತ್ತು. ತಂಗೆವ್ವ ಎದೆಮಟ್ಟದ ನೀರಿನಲ್ಲಿ ಮುಳುಗಿ ಮುಳುಗಿ ಹಗ್ಗವನ್ನು ಹಲ್ಲಿನಿಂದ ಕಡಿದಳು. ಐದು ತಟ್ಟುಗಳು ಕಾಲು ಕಟ್ಟಿದಂತೆಯೇ ಉರುಳಿಹೋದವು. ಆರನೆಯದರ ಹಗ್ಗ ಹರಿಯಿತು. ಅದರ ಕುತ್ತಿಗೆ ತಬ್ಬಿ ತಂಗೆವ್ವ ಆಚೆ ದಂಡೆ ಹತ್ತಿದಳು, ಗುಡ್ಡದ ಕಡೆ ತಿರುಗಿಯೂ ನೋಡದೆ ನಡೆದುಬಿಟ್ಟಳು.

ಗುಡ್ಡದ ಬುಡದಲ್ಲಿ ಮೊಣಕಾಲೆತ್ತರದ ಕಲ್ಲಿನ ತಟ್ಟನ್ನು ಇಂದಿಗೂ ನೋಡಬಹುದು. ಅದರ ಒಂದು ಮುಂಗಾಲಿಗೆ ತುಂಡು ಹಗ್ಗ ಕೆತ್ತಿದ್ದಾರೆ. ನಮ್ಮೂರಿಗೆ ಸೊಸೆ ಬಂದರೆ ಮೊದಲು ಇಲ್ಲಿ ಕೂರಿಸಿ ಮನೆಯ ಗಂಟು ಬಿಚ್ಚುವುದನ್ನು ಕಲಿಸುತ್ತಾರೆ, ಮನೆಯಲ್ಲಿ ತಟ್ಟಿನ ಬಾಲವೂ ಇಲ್ಲದಿದ್ದರೂ ಸರಿ. ಇದೆಲ್ಲ ನಿಜ. ತಂಗೆವ್ವ ದಂಡೆ ಹತ್ತಿದ್ದು ಮಾತ್ರ ನಾನು ಕಟ್ಟಿದ್ದು. ಹಿರಿಯರು ಹೇಳುವಂತೆ, ಹತ್ತಿದ್ದು ತಟ್ಟು ಒಂದೇ.