ಸುಳ್ಳುಗಾರ್ತಿಯ ಉತ್ತರ

“ನನ್ನನ್ನು ಕಳ್ಳ ಎಂದವರ ಬಾಗಿಲಿಗೆ ನಾನು ಮದ್ದು ಹಿಡಿದುಕೊಂಡು ಹೇಗೆ ಹೋಗಲಿ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಆಶ್ರಮದ ಉಗ್ರಾಣ ಅವನ ವಶದಲ್ಲಿತ್ತು. ಅವನು ಅಕ್ಕಿ ಕದ್ದು ಮಾರಿಕೊಳ್ಳುತ್ತಾನೆಂದು ಕೆಳಗಿನ ಕೇರಿಯಲ್ಲಿ ಯಾರೋ ಹೇಳಿದ್ದರು. ಹೇಳಿದ ಮಾತು ಕೇರಿಯೆಲ್ಲ ಹಬ್ಬಿತ್ತು. ಅದು ನಿಜವಲ್ಲ. ಈಗ ಅದೇ ಕೇರಿಯಲ್ಲಿ ಜ್ವರ ಕಾಣಿಸಿಕೊಂಡಿತ್ತು. ಹೋಗಿ ಮದ್ದು ಕೊಟ್ಟು ಬಾ ಎಂದು ಗುರುಗಳು ಬೆಳಿಗ್ಗೆಯೇ ಹೇಳಿದ್ದರು. ಮಧ್ಯಾಹ್ನವಾದರೂ ಅವನು ಹೊರಟಿರಲಿಲ್ಲ.

“ಮೊದಲು ಅವರನ್ನು ಕರೆಸಿ. ನಾನು ಕಳ್ಳನಲ್ಲವೆಂದು ಎಲ್ಲರ ಎದುರಿಗೆ ತೀರ್ಮಾನವಾಗಲಿ. ಆಮೇಲೆ ಹೋಗುತ್ತೇನೆ. ಈಗ ಹೋದರೆ, ತಪ್ಪು ಮಾಡಿದವನು ಮೆಚ್ಚಿಸಲು ಬಂದಿದ್ದಾನೆ ಎನ್ನುತ್ತಾರೆ.”

“ಕೂತುಕೋ,” ಎಂದರು ಗುರುಗಳು. “ನಿನ್ನ ಕೈಯಲ್ಲಿರುವುದು ಜ್ವರದ ಮದ್ದು. ನಾನು ಹೇಳುವುದು ಕೋವಿಯ ಮದ್ದಿನ ವಿಷಯ.” ಹೀಗೆಂದು ಅವರು ಈ ಕತೆಯನ್ನು ಹೇಳಿದರು.

ಒಂದು ನಗರದಲ್ಲಿ ಒಬ್ಬ ವ್ಯಾಪಾರಿ ಇದ್ದ. ಗುರಿ ಹೊಡೆಯುವ ಪಂದ್ಯಗಳಿಗೆ ಬೇಕಾದ ಸಾಮಾನು ಅವನ ವ್ಯಾಪಾರ. ಪಳಗಿದ ಗುರಿಕಾರರಲ್ಲಿ ಕೆಲವರು ಸಿದ್ಧ ತೋಟಾ ಕೊಳ್ಳುವುದಿಲ್ಲ. ಖಾಲಿ ತೋಟಾ, ಚರೆ, ಮದ್ದು ಎಲ್ಲವನ್ನೂ ಬಿಡಿಬಿಡಿಯಾಗಿ ತರಿಸಿಕೊಂಡು, ತಮ್ಮ ಕೋವಿಗೆ ಹೊಂದುವಂತೆ ಮನೆಯಲ್ಲಿಯೇ ತುಂಬಿಕೊಳ್ಳುತ್ತಾರೆ. ವ್ಯಾಪಾರಿಗೆ ಬೀದಿಯ ಮೇಲೆ ಅಂಗಡಿ ಇರಲಿಲ್ಲ. ಆನ್‌ಲೈನಿನಲ್ಲಿ ಆರ್ಡರ್ ಪಡೆದು, ಪರವಾನಗಿ ನೋಡಿ, ಸಾಮಾನು ಕಳುಹಿಸುತ್ತಿದ್ದ. ಗಿರಾಕಿಗಳು ಅವನ ಮುಖ ಕಂಡವರಲ್ಲ. ಅವರಿಗೆ ಗೊತ್ತಿದ್ದದ್ದು ಫೋನಿನ ದನಿಯೊಂದೇ. ಆ ದನಿ ವಿಜಯಮಾಲಾಳದು.

ವಿಜಯಮಾಲಾ ಗ್ರಾಹಕ ಸೇವೆಯ ಮೇಜಿನಲ್ಲಿ ಕೂರುತ್ತಿದ್ದಳು. ಅವಳು ಕೋವಿಯನ್ನು ಮುಟ್ಟಿದವಳಲ್ಲ. ಕೋಪಗೊಂಡವರ ಮಾತನ್ನು ಕಡೆಯವರೆಗೆ ಕೇಳುವುದು, ಆಗುವುದನ್ನು ಆಗುತ್ತದೆ ಎನ್ನುವುದು, ಆಗದ್ದನ್ನು ಆಗದು ಎನ್ನುವುದು, ಇದಿಷ್ಟು ಅವಳ ಕೆಲಸ. ಅದನ್ನು ಅವಳು ಚೆನ್ನಾಗಿ ಮಾಡುತ್ತಿದ್ದಳು. ಹೆಸರು ಕೇಳಿದವರಿಗೆ ನಿಜವಾದ ಹೆಸರನ್ನೇ ಹೇಳುತ್ತಿದ್ದಳು. ಆ ಕೆಲಸದಲ್ಲಿದ್ದ ಉಳಿದವರು ಹಾಗೆ ಹೇಳುತ್ತಿರಲಿಲ್ಲ.

ಕೊಡಗಿನಲ್ಲಿ ಉತ್ತಯ್ಯ ಎಂಬ ನಿವೃತ್ತ ಸುಬೇದಾರ ಇದ್ದ. ಅವನೂ ಗಿರಾಕಿ. ಒಮ್ಮೆ ಅವನು ಖಾಲಿ ತೋಟಾಗಳನ್ನು ತರಿಸಿದ. ಪೆಟ್ಟಿಗೆ ತಡವಾಗಿ ಬಂತು. ಬಂದದ್ದೂ ನೆನೆದು, ಒಂದು ಮೂಲೆ ಒಡೆದು, ಒಳಗಿನ ತೋಟಾಗಳ ಬಾಯಿ ಚಪ್ಪಟೆಯಾಗಿತ್ತು. ಅವನು ಫೋನ್ ಮಾಡಿದ. ಬಹಳ ಹೊತ್ತು ಸಂಗೀತ ಕೇಳಿದ ಮೇಲೆ ವಿಜಯಮಾಲಾ ಸಿಕ್ಕಳು.

ಅವಳು ಕೇಳಿಕೊಂಡಳು. “ತಪ್ಪು ನಮ್ಮದೇ. ಬೇರೆ ಪೆಟ್ಟಿಗೆ ಕಳುಹಿಸುತ್ತೇವೆ. ಇದು ನನ್ನ ಮಾತು,” ಎಂದಳು.

ಬೇರೆ ಪೆಟ್ಟಿಗೆ ಕಳುಹಿಸಬೇಕೆಂದು ಅವಳು ಬರೆದದ್ದನ್ನು ವ್ಯಾಪಾರಿ ಒಪ್ಪಲಿಲ್ಲ. ಪೆಟ್ಟಿಗೆ ಬಿಚ್ಚುವಾಗ ತೆಗೆದ ವಿಡಿಯೋ ಬೇಕು ಎಂದ. ಉತ್ತಯ್ಯನ ಬಳಿ ವಿಡಿಯೋ ಇರಲಿಲ್ಲ. ಫೋಟೋ ಕಳುಹಿಸಿದ. ಸ್ಪಷ್ಟವಾಗಿಲ್ಲ ಎಂದು ಉತ್ತರ ಹೋಯಿತು. ಇನ್ನೊಂದು ಕಳುಹಿಸಿದ. ಅವಧಿ ಮುಗಿದಿದೆ ಎಂದು ಉತ್ತರ ಹೋಯಿತು. ಮತ್ತೆ ಫೋನ್ ಮಾಡಿದಾಗ ಬೇರೆ ಯಾರೋ ಸಿಕ್ಕು, ಪೆಟ್ಟಿಗೆಯನ್ನು ನೀವೇ ಬೀಳಿಸಿರಬಹುದಲ್ಲ ಎಂದರು. ಸೈನ್ಯದಲ್ಲಿ ಬಾಳಿದ ಮನುಷ್ಯ ಅದನ್ನು ಸಹಿಸಲಿಲ್ಲ. ಅಂಗಡಿಯ ಪುಟದಲ್ಲಿ, ಎಲ್ಲ ಗಿರಾಕಿಗಳೂ ಓದುವ ಜಾಗದಲ್ಲಿ, ದೂರು ಬರೆದ. ‘ಇಲ್ಲಿ ವಿಜಯಮಾಲಾ ಎಂಬವಳು ಇದ್ದಾಳೆ. ಸುಳ್ಳುಗಾರ್ತಿ. ಅವಳ ಮಾತನ್ನು ಯಾರೂ ನಂಬಬೇಡಿ.’

ವಿಜಯಮಾಲಾ ಅದನ್ನು ಓದಿದಳು. ಮನೆಯಲ್ಲಿ ಗಂಡನೂ ಓದಿದ. ಸಂಬಂಧಿಕರಲ್ಲಿ ಯಾರೋ ಓದಿ, ನಿಮ್ಮ ಹೆಸರಿನವರೇ ಇನ್ನೊಬ್ಬರಿದ್ದಾರೆಯೇ ಎಂದು ವಿಚಾರಿಸಿದರು. ಅವಳಿಗೆ ಅನ್ನ ರುಚಿಸಲಿಲ್ಲ. ನಡೆದದ್ದನ್ನು ಆ ದೂರಿನ ಕೆಳಗೆ ಬರೆಯಲು ಅಪ್ಪಣೆ ಕೇಳಿದಳು. ವ್ಯಾಪಾರಿ ಕೊಡಲಿಲ್ಲ. ಬದಲಿಗೆ, ದೂರು ಅಳಿಸಿದರೆ ಮುಂದಿನ ಆರ್ಡರಿನಲ್ಲಿ ರಿಯಾಯಿತಿ ಎಂದು ಉತ್ತಯ್ಯನಿಗೆ ಮೇಲಿಂದ ಮೇಲೆ ಫೋನ್ ಮಾಡಿಸಿದ. ಉತ್ತಯ್ಯ ಬೈದು, ಅಂಗಡಿಯ ನಂಬರನ್ನೇ ಬ್ಲಾಕ್ ಮಾಡಿದ.

ಆದರೆ ಈ ಜಗಳಕ್ಕೂ ಮುಂಚೆಯೇ ಅವನು ಮದ್ದಿಗೆ ಆರ್ಡರ್ ಕೊಟ್ಟಿದ್ದ. ಆ ಡಬ್ಬಿ ತನ್ನ ಪಾಡಿಗೆ ಹೋಗಿ ಅವನ ಮನೆ ಸೇರಿತು.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಗೋದಾಮಿನ ಮೇಲ್ವಿಚಾರಕ ಓಡಿಬಂದ. ಮದ್ದಿನಲ್ಲಿ ಎರಡು ಬಗೆ. ಒಂದು ಮೆಲ್ಲಗೆ ಉರಿಯುವುದು, ಇನ್ನೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಉರಿದುಹೋಗುವುದು. ಕೆಲವು ಡಬ್ಬಿಗಳಿಗೆ ಮೆಲ್ಲಗೆ ಉರಿಯುವುದರ ಚೀಟಿ ಅಂಟಿಸಿ ಇನ್ನೊಂದನ್ನು ತುಂಬಿಬಿಟ್ಟಿದ್ದರು. ಚೀಟಿಯನ್ನು ನಂಬಿ ಅದೇ ಅಳತೆಯಲ್ಲಿ ತುಂಬಿದರೆ ಕೋವಿಯ ನಳಿಗೆ ಸಿಡಿಯುತ್ತದೆ. ಹೊಡೆದವನ ಕೈ ಹೋಗುತ್ತದೆ, ಕಣ್ಣು ಹೋಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ.

ವ್ಯಾಪಾರಿ ಕೆಟ್ಟವನಲ್ಲ. ಹೆದರಿದ್ದ. ಡಬ್ಬಿ ಹೋದವರಿಗೆಲ್ಲ ಕೂಡಲೇ ಫೋನ್ ಮಾಡಿ ಎಂದ. “ಕಾರಣ ಹೇಳಬೇಡಿ. ಹಳೆಯ ಮಾಲು, ಹೊಸದು ಕಳುಹಿಸುತ್ತೇವೆ, ಡಬ್ಬಿ ತೆರೆಯಬೇಡಿ ಎನ್ನಿ, ಸಾಕು,” ಎಂದ. ಎಲ್ಲರೂ ಸಿಕ್ಕರು. ಎಲ್ಲರೂ ಒಪ್ಪಿದರು. ಉತ್ತಯ್ಯ ಒಬ್ಬ ಸಿಗಲಿಲ್ಲ. ಮೆಸೇಜ್ ಹೋಗಲಿಲ್ಲ. ಈಮೇಲ್ ಕಳುಹಿಸಿದರು, ಅವನು ಅದನ್ನು ತೆರೆಯಲಿಲ್ಲ.

ವಿಜಯಮಾಲಾ ತನ್ನ ಸ್ವಂತ ಫೋನಿನಿಂದ ಕರೆದಳು. ಅವನು ಎತ್ತಿಕೊಂಡ. ಅವಳು ಹೆಸರು ಹೇಳಿ, “ಸುಬೇದಾರರೇ, ಆ ಮದ್ದಿನ ಡಬ್ಬಿ…” ಎನ್ನುವಷ್ಟರಲ್ಲಿ ಅವನು ತಡೆದ.

“ಈಗ ನಿನ್ನನ್ನು ಛೂ ಬಿಟ್ಟರೋ? ನಾನು ಬರೆದದ್ದನ್ನು ಅಳಿಸುವುದಿಲ್ಲ. ಹೋಗಿ ಹೇಳು.”

ಲೈನ್ ಕಡಿಯಿತು. ಆಮೇಲೆ ಆ ಫೋನಿನಿಂದಲೂ ಕರೆ ಹೋಗಲಿಲ್ಲ. ಮೇಲ್ವಿಚಾರಕ ತನ್ನ ಫೋನಿನಿಂದ ಕರೆದ. ಅಂಗಡಿಯ ಹೆಸರು ಕಿವಿಗೆ ಬಿದ್ದ ಕೂಡಲೇ ಉತ್ತಯ್ಯ ಅದನ್ನೂ ಬ್ಲಾಕ್ ಮಾಡಿದ. ಅವನ ಊರಿನ ಪೊಲೀಸ್ ಠಾಣೆಗೆ ತಿಳಿಸೋಣ ಎಂದಳು ವಿಜಯಮಾಲಾ. ವ್ಯಾಪಾರಿ ಬೇಡ ಎಂದು ಕೈ ಮುಗಿದ. ಅವಳೇ ಹೊರಗೆ ಹೋಗಿ ಠಾಣೆಗೆ ಫೋನ್ ಮಾಡಿದಳು. ಅಲ್ಲಿಯವರೆಲ್ಲ ಹಬ್ಬದ ಬಂದೋಬಸ್ತಿಗೆ ಹೋಗಿದ್ದಾರೆ, ಯಾರಾದರೂ ಬಂದರೆ ಹೇಳುತ್ತೇನೆ ಎಂದರು ಎತ್ತಿಕೊಂಡವರು.

ಹಬ್ಬ ಎಂದೊಡನೆ ಅವಳಿಗೆ ನೆನಪಾಯಿತು. ಮರುದಿನ ಕೈಲ್ ಮುಹೂರ್ತ. ಕೊಡಗಿನಲ್ಲಿ ಅಂದು ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿ ಇಟ್ಟು ಗುಂಡು ಹೊಡೆಯುವ ಪಂದ್ಯ ಆಡುತ್ತಾರೆ. ಹಬ್ಬದ ಪಂದ್ಯಕ್ಕೆ ಮುಂಚೆ ನನಗೆ ತೋಟಾ ಬೇಕು ಎಂದು ಉತ್ತಯ್ಯ ಮೊದಲ ಕರೆಯಲ್ಲಿಯೇ ಅವಳಿಗೆ ಹೇಳಿದ್ದ.

“ನಮ್ಮಿಂದ ಆದದ್ದನ್ನೆಲ್ಲ ಮಾಡಿದೆವು. ಕರೆ ಮಾಡಿದ್ದಕ್ಕೆ ದಾಖಲೆ ಇದೆ. ಎತ್ತದಿದ್ದರೆ ಅವನ ಹಣೆಬರಹ,” ಎಂದ ವ್ಯಾಪಾರಿ.

ವಿಜಯಮಾಲಾ ತನ್ನ ಮೇಜಿಗೆ ಬಂದು ಕುಳಿತಳು. ಅಂಗಡಿಯ ಮಾತು ಆ ಮನುಷ್ಯನ ಕಿವಿಗೆ ಹೋಗುವ ದಾರಿ ಇನ್ನೊಂದೇ ಉಳಿದಿತ್ತು. ಅವನ ದೂರಿನ ಕೆಳಗೆ ಯಾರಾದರೂ ಏನಾದರೂ ಬರೆದರೆ ಅವನ ಫೋನಿಗೆ ಸುದ್ದಿ ಹೋಗುತ್ತಿತ್ತು. ಅದನ್ನು ಅವನು ತಪ್ಪದೆ ಓದುತ್ತಿದ್ದ. ತನ್ನನ್ನು ಬೆಂಬಲಿಸಿದ ಗಿರಾಕಿಗಳಿಗೆಲ್ಲ ಉತ್ತರ ಕೊಟ್ಟಿದ್ದ.

ಅವಳು ಬರೆಯತೊಡಗಿದಳು. ‘ಸುಬೇದಾರರೇ, ನಾನು ಸುಳ್ಳು ಹೇಳಿದವಳಲ್ಲ. ಬೇರೆ ಪೆಟ್ಟಿಗೆ ಕಳುಹಿಸಲು ಬರೆದಿದ್ದೆ. ಒಪ್ಪದವರು ಬೇರೆಯವರು.’ ಇಷ್ಟು ಬರೆದಾಗ ಅವಳ ಮನಸ್ಸು ಹಗುರವಾಯಿತು. ಇಷ್ಟು ದಿನ ಹೇಳಲಾಗದೆ ಉಳಿದಿದ್ದ ಮಾತು ಅದು. ಬರೆದದ್ದನ್ನು ಅವನ ಕಣ್ಣಿನಿಂದ ಓದಿ ನೋಡಿದಳು. ‘ಸುಳ್ಳು ಹೇಳಿದವಳಲ್ಲ’ ಎಂಬಲ್ಲಿಯೇ ಅವನು ಓದುವುದನ್ನು ನಿಲ್ಲಿಸುತ್ತಾನೆ ಎಂದು ಅವಳಿಗೆ ತಿಳಿಯಿತು. ಮದ್ದಿನ ವಿಷಯವನ್ನೇ ಮೊದಲು ಬರೆದರೆ, ದೂರು ಅಳಿಸುವ ಹೊಸ ಉಪಾಯ ಎನ್ನುತ್ತಾನೆ.

ಅವಳು ಎಲ್ಲವನ್ನೂ ಅಳಿಸಿದಳು. ಆಮೇಲೆ ಬರೆದಳು.

‘ನೀವು ಬರೆದದ್ದು ಸರಿ. ನಾನು ಸುಳ್ಳುಗಾರ್ತಿ. ನಿಮಗೆ ಮಾತು ಕೊಟ್ಟು ನಡೆಸಲಿಲ್ಲ. ನಿಮ್ಮ ದೂರು ಇಲ್ಲಿಯೇ ಇರಲಿ, ಅಳಿಸಬೇಡಿ. ನಿಮ್ಮ ಮನೆಗೆ ಬಂದ ಡಬ್ಬಿಯಲ್ಲಿ ಇರುವುದು ಚೀಟಿಯಲ್ಲಿ ಬರೆದ ಮದ್ದಲ್ಲ. ಅದನ್ನು ತುಂಬಿದ ತೋಟಾ ಹಾರಿಸಿದರೆ ಕೋವಿ ಸಿಡಿಯುತ್ತದೆ. ವಿಜಯಮಾಲಾ.’

ಕೆಳಗೆ ತನ್ನ ನಂಬರನ್ನೂ ಹಾಕಿದಳು. ಹೆಬ್ಬೆರಳು ಒಂದು ಗಳಿಗೆ ನಿಂತಿತು. ಗಂಡನ ಮುಖ ನೆನಪಾಯಿತು. ಒತ್ತಿದಳು.

ಇನ್ನೂ ಬೆಳಕಿರುವಾಗಲೇ ಫೋನ್ ಬಂತು. ಉತ್ತಯ್ಯನೇ.

“ಸುಳ್ಳುಗಾರ್ತಿ ಎಂದು ನೀನೇ ಬರೆದಿದ್ದೀಯ. ಈ ಡಬ್ಬಿಯ ಮಾತು ಮಾತ್ರ ನಿಜ ಎಂದು ಹೇಗೆ ನಂಬಲಿ?”

“ನನ್ನನ್ನು ನಂಬಬೇಡಿ. ಹಳೆಯ ಡಬ್ಬಿಯಲ್ಲಿ ಮದ್ದು ಸ್ವಲ್ಪವಾದರೂ ಉಳಿದಿರಬೇಕು. ಅದನ್ನೂ ಇದನ್ನೂ ಕಾಗದದ ಮೇಲೆ ಅಕ್ಕಪಕ್ಕ ಸುರಿದು ನೋಡಿ. ನಿಮಗೆ ಗೊತ್ತಾಗುತ್ತದೆ, ನನಗಲ್ಲ.”

ಅವನು ಫೋನನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಬಾಗಿಲು ತೆರೆದ ಸದ್ದು, ಡಬ್ಬಿ ಎಳೆದ ಸದ್ದು ಕೇಳಿಸಿತು. ಬಹಳ ಹೊತ್ತು ಏನೂ ಇರಲಿಲ್ಲ. ಅವಳು ಕಾಯ್ದಳು. ಗಿರಾಕಿಗಳನ್ನು ಕಾಯಿಸುವುದು ಅವಳ ಕೆಲಸವಾಗಿತ್ತು. ಅಂದು ಅವಳೇ ಕಾಯ್ದಳು.

ಅವನು ಮರಳಿ ಬಂದಾಗ ದನಿ ಬದಲಾಗಿತ್ತು.

“ಮದ್ದಿನ ಕಾಳೇ ಬೇರೆ,” ಎಂದ. “ಖಾಲಿ ತೋಟಾ ಬೇರೆ ಕಡೆಯಿಂದ ತಂದು ಎಲ್ಲ ತುಂಬಿ ಇಟ್ಟಿದ್ದೆ. ನಾಳೆ ನನ್ನ ಸರದಿಯಲ್ಲ. ಸೊಸೆ ದೇಚಮ್ಮ ಮೊದಲ ಸಲ ಪಂದ್ಯಕ್ಕೆ ನಿಲ್ಲುತ್ತಾಳೆ. ಅವಳ ಕೈಗೆ ಕೊಡುವವನಿದ್ದೆ.”

ಡಬ್ಬಿಯ ಮುಚ್ಚಳ ಬಿಗಿದ ಸದ್ದು ಕೇಳಿಸಿತು.

“ಒಂದು ಕೇಳುತ್ತೇನಮ್ಮ,” ಎಂದ ಮತ್ತೆ. “ಆ ಪೆಟ್ಟಿಗೆಯ ವಿಷಯದಲ್ಲಿ ನೀವು ನಿಜವಾಗಿ ಸುಳ್ಳು ಹೇಳಿದ್ದಿರಾ?”

ಅವಳಿಗೆ ಹೇಳಬೇಕೆನಿಸಿತು. ಹೇಳಿದರೆ ಈಗ ಅವನು ನಂಬುತ್ತಿದ್ದ. ಆದರೆ ಅಳು ಉಕ್ಕಿ ಬಂತು. ಅತ್ತುಕೊಂಡು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

“ಮೊದಲು ಆ ತೋಟಾಗಳನ್ನು ಯಾರ ಕೈಗೂ ಸಿಗದಂತೆ ತೆಗೆದಿಡಿ,” ಎಂದು ಹೇಳಿ ಫೋನ್ ಇಟ್ಟಳು.

ವ್ಯಾಪಾರಿ ಅವಳು ಬರೆದದ್ದನ್ನು ಮರುದಿನ ನೋಡಿದ. ಅಷ್ಟರಲ್ಲಿ ನೂರಾರು ಗಿರಾಕಿಗಳೂ ನೋಡಿದ್ದರು. ಅಂಗಡಿಯವಳೇ ಸುಳ್ಳುಗಾರ್ತಿ ಎಂದು ಒಪ್ಪಿಕೊಂಡಳು ಎಂದು ಅದರ ಚಿತ್ರ ತೆಗೆದು ಹಂಚಿದರು. ಚಿತ್ರದಲ್ಲಿ ಮೊದಲ ಸಾಲುಗಳಷ್ಟೇ ಇದ್ದವು. ವ್ಯಾಪಾರಿ ಅವಳನ್ನು ಕೆಲಸದಿಂದ ತೆಗೆದ. ಒಂದು ಜೀವ ಉಳಿಯಿತೆಂದು ಅವನಿಗೂ ಗೊತ್ತಿತ್ತು. ಅವಳ ಕಣ್ಣು ತಪ್ಪಿಸಿಕೊಂಡೇ ನಾಳೆಯಿಂದ ಬರಬೇಡ ಎಂದ.

ನಡೆದದ್ದೆಲ್ಲ ಮೇಲ್ವಿಚಾರಕನ ಬಾಯಿಂದ ಕಡೆಗೊಮ್ಮೆ ಉತ್ತಯ್ಯನಿಗೆ ತಿಳಿಯಿತು. ಅವನು ಬಹಳ ನೊಂದ. ದೂರನ್ನು ಅಳಿಸಲು ಹೋದ. ಉತ್ತರ ಬಂದ ದೂರನ್ನು ಅಳಿಸಲು ಆ ಪುಟದಲ್ಲಿ ಅವಕಾಶವಿರಲಿಲ್ಲ. ಗ್ರಾಹಕ ಸೇವೆಗೆ ಫೋನ್ ಮಾಡಿದ. ಬಹಳ ಹೊತ್ತು ಸಂಗೀತ ಕೇಳಿದ. ಹೊಸದೊಂದು ದನಿ ಬಂದು, ನಿಮ್ಮ ದೂರು ಇತ್ಯರ್ಥವಾಗಿದೆ, ನಮ್ಮ ಸೇವೆ ನಿಮಗೆ ತೃಪ್ತಿ ತಂದಿತೇ ಎಂದು ಕೇಳಿತು.

ವಿಜಯಮಾಲಾ ಬೇರೆ ಕಡೆ ಕೆಲಸ ಹುಡುಕಿಕೊಂಡಳು. ಸಿಗುವುದು ತಡವಾಯಿತು. ಹೆಸರು ಹುಡುಕಿ ನೋಡಿದವರಿಗೆಲ್ಲ ಮೊದಲು ಕಾಣುತ್ತಿದ್ದದ್ದು ಆ ಸಾಲುಗಳೇ. ಕೇಳಿದವರಿಗೆ ಅವಳು ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದಳು. ಕೆಲವರು ನಂಬಿದರು. ಕೆಲವರು ನಂಬಲಿಲ್ಲ. ದೇಚಮ್ಮ ಆ ವರ್ಷ ಊರಿನ ಅಂಗಡಿಯಿಂದ ತಂದ ಸಿದ್ಧ ತೋಟಾ ಹಾಕಿ ಹೊಡೆದಳು. ಕಾಯಿ ಒಡೆಯಲಿಲ್ಲ. ನಗುತ್ತಾ ಮನೆಗೆ ಬಂದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಆ ಹೆಸರು ಅವಳಿಗೆ ಅಂಟಿಕೊಂಡೇ ಉಳಿಯಿತೇ? ಅವಳು ಸುಳ್ಳುಗಾರ್ತಿ ಎಂಬುದು ಇಂದಿಗೂ ಅಲ್ಲಿಯೇ ಇದೆಯೇ, ಗುರುಗಳೇ?”

“ಇದೆ, ಅದನ್ನು ಓದಲು ದೇಚಮ್ಮನಿಗೆ ಕಣ್ಣುಗಳೂ ಇವೆ,” ಎಂದರು ಗುರುಗಳು.

ಶಿಷ್ಯ ಮದ್ದು ಹಿಡಿದುಕೊಂಡು ಕೆಳಗಿನ ಕೇರಿಗೆ ಹೊರಟ.