ಒತ್ತಿದಾಗ ಮಾತ್ರ ನೋಡುವ ಕಣ್ಣು

ಒಂದು ಕಾಡಿನಲ್ಲಿ ಆ ವರ್ಷದ ಬೇಸಿಗೆ ಮುಗಿಯುವ ಹಾಗೇ ಕಾಣಲಿಲ್ಲ. ಹಳ್ಳಗಳು ಬತ್ತಿದವು. ಒಣಗಿದ ಬಿದಿರು ಗಾಳಿಗೆ ಕಟಕಟ ಅನ್ನುತ್ತಿತ್ತು. ಇಡೀ ಕಾಡಿಗೆ ಉಳಿದದ್ದು ಒಂದೇ ಮಡು. ಎಲ್ಲ ಪ್ರಾಣಿಗಳೂ ನೀರಿಗೆ ಅಲ್ಲಿಗೇ ಬರುತ್ತಿದ್ದವು. ಬಂದವು ಸುಮ್ಮನಿರದೆ ಜಗಳವಾಡುತ್ತಿದ್ದವು.

ಜಗಳ ಬಿಡಿಸುವ ಕೆಲಸ ಒಂದು ಮುದಿ ಹೆಣ್ಣಾನೆಯದು. ಅವಳನ್ನು ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಬೆಳಗಾದರೆ ಸಾಕು, "ದೊಡ್ಡಮ್ಮಾ, ಅವನು ನನ್ನನ್ನು ತಳ್ಳಿದ" ಎಂದು ಒಬ್ಬರು, "ದೊಡ್ಡಮ್ಮಾ, ಇವಳು ನೀರು ಕದಡಿದಳು" ಎಂದು ಇನ್ನೊಬ್ಬರು. ದೊಡ್ಡಮ್ಮ ಕಿವಿ ಬೀಸಿಕೊಳ್ಳುತ್ತಾ ಎಲ್ಲರ ಮಾತನ್ನೂ ಕೇಳುತ್ತಿದ್ದಳು. ಕೇಳಿ ಕೇಳಿ ಅವಳಿಗೆ ಸಾಕಾಗಿ ಹೋಗಿತ್ತು. ನಿಂತರೆ ಮಂಡಿ ನೋವು, ಮಲಗಿದರೆ ಏಳಲಾಗದು. ಮಡುವಿಗೆ ಇದ್ದದ್ದು ಒಂದೇ ಕಟ್ಟಳೆ. ನೀರಿನ ಬಳಿ ಯಾರು ಮೊದಲು ಇನ್ನೊಬ್ಬರ ಮೇಲೆ ಬೀಳುತ್ತಾರೋ ಅವರು ಮಳೆ ಬರುವವರೆಗೂ ಅಲ್ಲಿಗೆ ಕಾಲಿಡಕೂಡದು.

ಮಡುವಿನ ಪಕ್ಕದಲ್ಲೇ ಒಂದು ತಂಪಾದ ಗುಹೆ ಇತ್ತು. ಅಲ್ಲಿ ಒಂದು ತಾಯಿ ಕರಡಿ ತನ್ನ ಎರಡು ಮರಿಗಳ ಜೊತೆ ವಾಸವಾಗಿತ್ತು. ಅದೇ ಕಾಡಿನ ನರಿಗೆ ಆ ಗುಹೆಯ ಮೇಲೆ ಬಹಳ ದಿನಗಳಿಂದ ಕಣ್ಣು. ಆದರೆ ಕರಡಿಯ ಉಗುರನ್ನು ನೆನೆಸಿಕೊಂಡರೆ ನರಿಯ ಬಾಲ ತಾನಾಗಿಯೇ ಕಾಲ ನಡುವೆ ಸೇರುತ್ತಿತ್ತು.

ಆಗ ಒಬ್ಬ ಮನುಷ್ಯ ಪ್ರಾಣಿಗಳ ವಿಡಿಯೊ ತೆಗೆಯಲು ಕಾಡಿಗೆ ಬಂದ. ದಡದ ಮತ್ತಿ ಮರದ ಬುಡಕ್ಕೆ ಒಂದು ಕ್ಯಾಮೆರಾ ಕಟ್ಟಿದ. ಹತ್ತಿರ ಕುಳಿತರೆ ಪ್ರಾಣಿಗಳು ಹೆದರಿ ಓಡುತ್ತವೆ ಎಂದು ತಾನು ದೂರದ ಬಂಡೆಯ ಮರೆಯಲ್ಲಿ ಕುಳಿತ. ಅವನ ಕೈಯಲ್ಲಿ ಒಂದು ಪುಟ್ಟ ರಿಮೋಟ್ ಇತ್ತು. ಅದರ ಗುಂಡಿ ಒತ್ತಿದರೆ ಅಷ್ಟು ದೂರದ ಕ್ಯಾಮೆರಾದಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ಎದುರಿಗೆ ನಡೆದದ್ದನ್ನೆಲ್ಲ, ಕೇಳಿದ ಸದ್ದನ್ನೂ ಅದು ಹಿಡಿದಿಡುತ್ತಿತ್ತು. ಅದೇ ಗುಂಡಿಯನ್ನು ಮತ್ತೆ ಒತ್ತಿದರೆ ದೀಪ ಆರುತ್ತಿತ್ತು, ಕ್ಯಾಮೆರಾ ಕಣ್ಣು ಮುಚ್ಚುತ್ತಿತ್ತು. ಸಂಜೆ ಮನುಷ್ಯ ಬಂದು ಕ್ಯಾಮೆರಾದ ಬೆನ್ನಿನ ಪರದೆಯನ್ನು ಬೆರಳಿನಿಂದ ಮುಟ್ಟುತ್ತಿದ್ದ. ಬೆಳಿಗ್ಗೆ ನೀರು ಕುಡಿದು ಹೋದ ಜಿಂಕೆ ಅಲ್ಲಿ ಮತ್ತೆ ನೀರು ಕುಡಿಯುತ್ತಿತ್ತು!

ಪೊದೆಯಲ್ಲಿ ಅಡಗಿದ್ದ ನರಿ ಇದನ್ನೆಲ್ಲ ನೋಡಿ ಕಲಿಯಿತು.

ಕೆಲವು ದಿನ ಕಳೆಯಿತು. ಆ ಮನುಷ್ಯನಿಗೆ ಜೋರಾಗಿ ಜ್ವರ ಬಂತು. ಅವನ ಜೊತೆಯವರು ಅವನನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೋದರು. ಆ ಗಡಿಬಿಡಿಯಲ್ಲಿ ಕ್ಯಾಮೆರಾ ಮರದಲ್ಲೇ ಉಳಿಯಿತು. ರಿಮೋಟ್ ಬಂಡೆಯ ಹಿಂದಿನ ತರಗೆಲೆಯಲ್ಲಿ ಬಿತ್ತು. ನರಿ ಹೋಗಿ ಅದನ್ನು ಎತ್ತಿಕೊಂಡಿತು.

ಮರುದಿನ ಕರಡಿ ನೀರು ಕುಡಿಯುತ್ತಿತ್ತು. ಮರಿಗಳು ದಡದಲ್ಲಿ ಆಡುತ್ತಿದ್ದವು. ನರಿ ಸದ್ದಿಲ್ಲದೆ ಬಂದು ಒಂದು ಮರಿಯ ಕಿವಿ ಕಚ್ಚಿತು. ಮರಿ ಚೀರಿತು. ನರಿ ಬಂಡೆಯ ಹಿಂದಕ್ಕೆ ಓಡಿ ರಿಮೋಟ್ ಒತ್ತಿತು. ಆಮೇಲೆ ಕುಂಟುತ್ತಾ, ಏನೂ ಅರಿಯದ ಹಾಗೆ ಬಯಲಿಗೆ ಬಂತು. ಕರಡಿ ಗರ್ಜಿಸಿ ಅದರ ಮೇಲೆ ಎರಗಿತು. ಪೆಟ್ಟು ತಿಂದ ನರಿ ಬಂಡೆಯ ಹಿಂದೆ ನುಸುಳಿ ಮತ್ತೆ ಗುಂಡಿ ಒತ್ತಿತು.

ಸಂಜೆ ನರಿ ಎಲ್ಲರನ್ನೂ ಮರದ ಬಳಿ ಕರೆದು ಮೂಗಿನಿಂದ ಪರದೆ ಮುಟ್ಟಿತು. ಪರದೆಯಲ್ಲಿ ಕುಂಟುವ ಬಡಪಾಯಿ ನರಿ, ಅದರ ಮೇಲೆ ಬೀಳುವ ಕರಡಿ.

"ನೋಡಿದ್ರಾ ದೊಡ್ಡಮ್ಮಾ? ನಾನು ನನ್ನ ಪಾಡಿಗೆ ಹೋಗ್ತಿದ್ದೆ" ಎಂದು ನರಿ ಬಿಕ್ಕಿತು.

"ಇವನು ನನ್ನ ಮರಿಯ ಕಿವಿ ಕಚ್ಚಿದ ದೊಡ್ಡಮ್ಮ. ಅದಕ್ಕೇ ಹೊಡೆದೆ. ಮೊದಲಿನಿಂದ ಹೇಳ್ತೀನಿ, ಸ್ವಲ್ಪ ಕೇಳಿ" ಎಂದಿತು ಕರಡಿ.

"ಕಚ್ಚಿದ್ದರೆ ಅದೂ ಇದರಲ್ಲಿ ಕಾಣಬೇಕಿತ್ತಲ್ಲ ಅಕ್ಕಾ?" ಎಂದಿತು ನರಿ, ಬಹಳ ಮೆತ್ತಗೆ.

ದೊಡ್ಡಮ್ಮ ಮರಿಯ ಕಿವಿಯ ಕಡೆ ನೋಡಬಹುದಿತ್ತು. ನೋಡಲಿಲ್ಲ. ಬೆಳಗಿನಿಂದ ಅವಳು ಅದೆಷ್ಟೋ ದೂರು ಕೇಳಿದ್ದಳು. ಇನ್ನು ಕೇಳುವುದೇ ಬೇಡ, ನೋಡಿದರೆ ಸಾಕು ಎಂಬುದು ಅವಳಿಗೆ ದೊಡ್ಡ ನೆಮ್ಮದಿಯಾಗಿ ಕಂಡಿತು.

"ಕಣ್ಣಾರೆ ಕಂಡದ್ದಾಯ್ತು. ಕರಡೀ, ನೀನು ಹೊರಡು" ಎಂದಳು.

ಕರಡಿ ಮರಿಗಳನ್ನು ಬೆನ್ನಿಗೇರಿಸಿಕೊಂಡು ಗುಡ್ಡದಾಚೆಗೆ ನಡೆಯಿತು. ಅಲ್ಲಿ ಒಂದು ಬಂಡೆಯ ಸಂದಿನಲ್ಲಿ ನೀರು ತೊಟ್ಟು ತೊಟ್ಟಾಗಿ ಜಿನುಗುತ್ತಿತ್ತು. ಒಂದು ಮರಿಗೆ ಸಾಕಾದರೆ ಇನ್ನೊಂದಕ್ಕೆ ಇಲ್ಲ. ತಾಯಿಗಂತೂ ಒದ್ದೆ ಕಲ್ಲು ನೆಕ್ಕುವುದೇ ಆಯಿತು.

ಇತ್ತ ನರಿ ಗುಹೆಯಲ್ಲಿ ಕಾಲು ಚಾಚಿ ಮಲಗಿತು. ಆದರೆ ಅಷ್ಟಕ್ಕೇ ಅದಕ್ಕೆ ತೃಪ್ತಿಯಾಗಲಿಲ್ಲ. ಗುಹೆಯ ಮುಂದೆ, ಮತ್ತಿ ಮರದ ಎದುರಿಗೇ ಇದ್ದ ಕೆಸರಿನಲ್ಲಿ ಏಡಿಗಳೂ ಕಪ್ಪೆಗಳೂ ತುಂಬಿದ್ದವು. ಅಲ್ಲಿ ಒಂದು ಮುದಿ ಕಾಡುಹಂದಿ ಹಗಲೆಲ್ಲ ಹೊರಳಾಡಿ ನಿದ್ದೆ ಮಾಡುತ್ತಿತ್ತು. ಈ ಹಂದಿ ಹೋದರೆ ಕೆಸರೂ ನನ್ನದೇ ಎಂದು ನರಿ ಲೆಕ್ಕ ಹಾಕಿತು.

ಒಂದು ಮಧ್ಯಾಹ್ನ ಅದು ರಿಮೋಟನ್ನು ಬಾಯಲ್ಲಿ ಕಚ್ಚಿಕೊಂಡು ಬಂಡೆಯ ಹಿಂದೆ ಇಟ್ಟು ಬಂತು. ಹೀಗೆ ಕಚ್ಚಿಕೊಂಡು ಬರುವಾಗ ಅದರ ಕೋರೆಹಲ್ಲು ಗುಂಡಿಗೆ ತಾಗಿತ್ತು. ಮತ್ತಿ ಮರದಲ್ಲಿ ಕೆಂಪು ದೀಪ ಹೊತ್ತಿತ್ತು. ದೂರದ ಬಿಸಿಲಿನ ಝಳಕ್ಕೆ ಅದು ನರಿಗೆ ಕಾಣಲಿಲ್ಲ. ಹತ್ತಿರ ಹೋಗಿ ನೋಡುವ ಗೋಜಿಗೂ ಅದು ಹೋಗಲಿಲ್ಲ. ಒಮ್ಮೆ ಗೆದ್ದವನಿಗೆ ಎರಡನೆಯ ಸಲ ಉದಾಸೀನ.

ನರಿ ನೇರವಾಗಿ ಕೆಸರಿಗೆ ಹೋಯಿತು. ಮಲಗಿದ್ದ ಹಂದಿಯ ಕಿವಿಯ ಬಳಿ ಬಾಗಿ, "ಏನು ಮಾವಾ, ಸುಖನಿದ್ದೆಯಾ? ಕರಡಿಯನ್ನು ಓಡಿಸಿದ ಹಾಗೇ ನಿನ್ನನ್ನೂ ಓಡಿಸ್ತೀನಿ ನೋಡ್ತಿರು. ಅವಳ ಮರಿಯ ಕಿವಿ ಕಚ್ಚಿದೆ. ನಿನ್ನದು ಬಾಲ" ಎಂದಿತು. ಹೇಳಿದ್ದೇ ಹಂದಿಯ ಬಾಲಕ್ಕೆ ಬಲವಾಗಿ ಬಾಯಿ ಹಾಕಿತು. ಮತ್ತೆ ಬಂಡೆಯ ಹಿಂದಕ್ಕೆ ಓಡಿ ಗುಂಡಿ ಒತ್ತಿತು.

ಕ್ಯಾಮೆರಾ ಕಣ್ಣು ಮುಚ್ಚಿತು.

ನರಿ ಕುಂಟುತ್ತಾ ಬಂತು. ಹಂದಿ ರೊಚ್ಚಿಗೆದ್ದು ತಿವಿಯಿತು. ನರಿ ಅಯ್ಯೋ ಅಮ್ಮಾ ಎಂದು ಉರುಳಿತು, ಹೊರಳಿತು, ಗೋಳಾಡಿತು. ಇಷ್ಟು ಚೆನ್ನಾಗಿ ಅದು ಎಂದೂ ಅತ್ತಿರಲಿಲ್ಲ. ಅದನ್ನು ನೋಡಲು ಕ್ಯಾಮೆರಾ ಎಚ್ಚರವಿರಲಿಲ್ಲ.

ಸಂಜೆ ಮತ್ತೆ ಎಲ್ಲರೂ ಮರದ ಬಳಿ ಸೇರಿದರು. "ಇವನು ನನ್ನ ಬಾಲ ಕಚ್ಚಿದ, ದೊಡ್ಡಮ್ಮ" ಎಂದಿತು ಹಂದಿ.

"ಬಾಯಿಮಾತು ಯಾಕೆ ಮಾವಾ? ಕ್ಯಾಮೆರಾನೇ ಹೇಳಲಿ" ಎಂದು ನರಿ ಪರದೆ ಮುಟ್ಟಿತು.

ಪರದೆಯಲ್ಲಿ ನರಿಯೇ ಬಂತು. ಕುಂಟುತ್ತಾ ಅಲ್ಲ, ನೆಟ್ಟಗೆ ಬಂತು. ಹಂದಿಯ ಕಿವಿಯ ಬಳಿ ಬಾಗಿತು. ಅದರ ಒಂದೊಂದು ಮಾತೂ ಎಲ್ಲರಿಗೂ ಕೇಳಿಸಿತು. ಕರಡಿ, ಮರಿ, ಕಿವಿ, ಬಾಲ. ಆಮೇಲೆ ಕಚ್ಚಿದ್ದೂ, ಬಂಡೆಯ ಕಡೆ ಓಡಿದ್ದೂ ಕಂಡಿತು. ಅಲ್ಲಿಗೆ ಪರದೆ ಕಪ್ಪಾಯಿತು.

ನರಿ ಪರದೆಗೆ ಅಡ್ಡ ಬಂದು ನಿಂತಿತು.

"ಸುಳ್ಳು! ಈ ಕ್ಯಾಮೆರಾ ಸುಳ್ಳು ಹೇಳ್ತಿದೆ. ಒಡೆದು ಹಾಕಿ ದೊಡ್ಡಮ್ಮಾ!" ಎಂದು ಅದು ಕಿರುಚಿತು.

ದೊಡ್ಡಮ್ಮ ಆ ಬಂಡೆಯ ಹಿಂದೆ ಹೋಗಿ, ಅಲ್ಲಿದ್ದ ರಿಮೋಟಿನ ಗುಂಡಿಯನ್ನು ಸೊಂಡಿಲಿನಿಂದ ಎರಡು ಸಲ ಒತ್ತಿದಳು; ಮರದಲ್ಲಿ ಕೆಂಪು ದೀಪ ಹೊತ್ತಿ ಆರಿತು. ಮರಳಿ ಬಂದು ಹೇಳಿದಳು: "ಅದು ಅವತ್ತೂ ಸುಳ್ಳು ಹೇಳಲಿಲ್ಲ, ಇವತ್ತೂ ಹೇಳಲಿಲ್ಲ. ಒತ್ತಿದಾಗ ನೋಡಿತು, ಮತ್ತೆ ಒತ್ತಿದಾಗ ಕಣ್ಣು ಮುಚ್ಚಿತು. ಯಾವಾಗ ನೋಡಬೇಕು ಅಂತ ಹೇಳಿದವನು ನೀನು. ನೋಡಿದ್ದಷ್ಟೇ ಸಾಕು ಅಂದವಳು ನಾನು. ನಡಿ ಇಲ್ಲಿಂದ."

ನರಿ ಎಲ್ಲರ ಮುಖ ನೋಡಿತು. ಯಾರೂ ಅದರ ಕಡೆ ನೋಡಲಿಲ್ಲ. ಅದು ಬಾಲ ಮುದುರಿಕೊಂಡು ಒಣಗಿದ ಹಳ್ಳದ ದಾರಿ ಹಿಡಿಯಿತು. ಬಂಡೆಯ ಹಿಂದೆ ಬಿದ್ದಿದ್ದ ರಿಮೋಟನ್ನು ದೊಡ್ಡಮ್ಮ ಕಾಲಿನಿಂದ ಅದುಮಿ ಪುಡಿ ಮಾಡಿದಳು.

ಮರುದಿನ ಬೆಳಗಿನ ತಂಪಿನಲ್ಲೇ ಅವಳು ಗುಡ್ಡದಾಚೆಗೆ ಹೊರಟಳು. ಮಂಡಿ ನೋಯುತ್ತಿತ್ತು. ಅಲ್ಲಲ್ಲಿ ನಿಂತು ಸುಧಾರಿಸಿಕೊಂಡು ನಡೆದಳು. ಕರಡಿ ಬಂಡೆಯ ಕೆಳಗೆ ಮಲಗಿತ್ತು. ಅದರ ಪಕ್ಕೆಲುಬುಗಳು ಎಣಿಸುವ ಹಾಗೆ ಕಾಣುತ್ತಿದ್ದವು. ಮರಿಗಳು ಆಡುವುದನ್ನೇ ಮರೆತು ಕುಳಿತಿದ್ದವು.

"ತಪ್ಪು ನನ್ನದು ಕಣವ್ವ. ಮಡುವಿಗೆ ಬಾ" ಎಂದಳು ದೊಡ್ಡಮ್ಮ.

ಕರಡಿ ಸಿಟ್ಟಾಗಲಿಲ್ಲ. "ಬರೋಕೆ ಆಸೆ ಇದೆ ದೊಡ್ಡಮ್ಮ. ಮರಿಗಳನ್ನ ಹೊತ್ತು ಅಷ್ಟು ದೂರ ನಡೆಯೋಕೆ ಕಾಲೇ ಬರ್ತಿಲ್ಲ" ಎಂದಿತು.

ದೊಡ್ಡಮ್ಮ ಸೊಂಡಿಲಿನಿಂದ ಮರಿಗಳನ್ನು ಒಂದೊಂದಾಗಿ ಎತ್ತಿ ತನ್ನ ಕತ್ತಿನ ಮೇಲೆ ಕೂರಿಸಿಕೊಂಡಳು. ಆಗ ಒಂದು ಮರಿಯ ಹರಿದ ಕಿವಿ ಅವಳ ಕಣ್ಣಿಗೆ ಬಿತ್ತು. ಗಾಯ ಒಣಗಿತ್ತು, ಗುರುತು ಉಳಿದಿತ್ತು. ಅವಳು ಕಣ್ಣು ಒರೆಸಿಕೊಂಡಳು.

ಇಬ್ಬರೂ ಮೆಲ್ಲಗೆ ಗುಡ್ಡ ಇಳಿಯತೊಡಗಿದರು. ಇಬ್ಬರಿಗೂ ದಣಿವು. ದಾರಿ ಇನ್ನೂ ಬಹಳ ಇತ್ತು.

"ಈಗ ಹೇಳವ್ವ, ಮೊದಲಿನಿಂದ ಹೇಳು" ಎಂದಳು ದೊಡ್ಡಮ್ಮ. "ಅವತ್ತು ಏನಾಯ್ತು?"

ಕರಡಿ ಹೇಳುತ್ತಾ ನಡೆಯಿತು. ದೊಡ್ಡಮ್ಮ ಕೇಳುತ್ತಾ ನಡೆದಳು.

ನೀತಿ: ಅರ್ಧ ಸತ್ಯ ತೋರಿಸಿ ಇನ್ನೊಬ್ಬರನ್ನು ಕೆಡಿಸುವವನನ್ನು ಅವನು ಮುಚ್ಚಿಟ್ಟ ಅರ್ಧವೇ ಒಂದು ದಿನ ಹಿಡಿದುಕೊಡುತ್ತದೆ. ನ್ಯಾಯ ಹೇಳುವವರು ಎಷ್ಟೇ ದಣಿದಿದ್ದರೂ ಮೊದಲಿನಿಂದ ಕೊನೆಯವರೆಗೆ ಕೇಳಲೇಬೇಕು.